ಔಟ್‌ಬೋರ್ಡ್ ಮೋಟಾರನ್ನು ಎಷ್ಟು ಎತ್ತಿದರೆ ಬಾಸ್ ಬೋಟ್ ಹೆಚ್ಚು ಓಡುತ್ತದೆ?

ಬಾಸ್ ಮೀನು ಹಿಡಿಯಲು ಬಳಸುವ ವೇಗದ ದೋಣಿಯಾದ ಬಾಸ್ ಬೋಟ್ ಪೂರ್ತಿ ವೇಗದಲ್ಲಿ ಓಡುವಾಗ ಅದರ ತಳದ ಬಹುಪಾಲು ನೀರನ್ನು ಮುಟ್ಟುತ್ತಲೇ ಇರುವುದಿಲ್ಲ. ತಳದ ನಡುವೆ, ಹಿಂಬದಿಗೆ, ಸುಮಾರು ಗೇಣಗಲದ ಒಂದು ಚಪ್ಪಟೆ ಪಟ್ಟಿ ಇರುತ್ತದೆ. ಅದಕ್ಕೆ ಪ್ಯಾಡ್ ಎನ್ನುತ್ತಾರೆ. ಇಡೀ ದೋಣಿ ಅದರ ಮೇಲೆ ಜಾರುತ್ತಿರುತ್ತದೆ. ದೋಣಿ ಹೀಗೆ ಮೇಲೆದ್ದರೂ, ಹಿಂಬದಿಗೆ ಹೊರಗಡೆ ಕೂರಿಸಿದ ಔಟ್‌ಬೋರ್ಡ್ ಮೋಟಾರಿನ ಕೆಳತುದಿ, ಅಂದರೆ ಗೇರ್‌ಕೇಸ್, ಮಾತ್ರ ನೀರಿನಲ್ಲಿ ಮುಳುಗಿಯೇ ಇರುತ್ತದೆ: ಗುಂಡಿನಾಕಾರದ ದಪ್ಪ ಭಾಗ, ಅದರ ಕೆಳಗೆ ಸ್ಕೆಗ್ ಎಂಬ ರೆಕ್ಕೆ, ಮೇಲೆ ಕಂಬದಂಥ ಅಲ್ಯೂಮಿನಿಯಂ ಕಾಲು. ವೇಗ ಎರಡು ಪಟ್ಟಾದರೆ ನೀರು ಈ ಗೇರ್‌ಕೇಸನ್ನು ತಡೆಯುವ ಬಲ ನಾಲ್ಕು ಪಟ್ಟಾಗುತ್ತದೆ, ಅದನ್ನು ಮೀರಲು ಬೇಕಾದ ಶಕ್ತಿ ಎಂಟು ಪಟ್ಟಾಗುತ್ತದೆ. ಗಂಟೆಗೆ 30 ಮೈಲಿಯಲ್ಲಿ ಲೆಕ್ಕಕ್ಕೇ ಬಾರದ ಅರ್ಧ ಇಂಚು ಲೋಹ 70 ಮೈಲಿಯಲ್ಲಿ ದೊಡ್ಡ ಹೊರೆಯಾಗುವುದು ಇದರಿಂದ. ಮೋಟಾರನ್ನು ಮೇಲೆತ್ತಿದರೆ ಆ ಲೋಹದಲ್ಲಿ ಒಂದಿಷ್ಟು ನೀರಿನಿಂದ ಹೊರಗೆ ಬರುತ್ತದೆ, ಹೊಸ ಎಂಜಿನ್ ಇಲ್ಲದೆಯೇ ವೇಗ ಸಿಗುತ್ತದೆ.

ಆದರೆ ಗೇರ್‌ಕೇಸಿನ ಜತೆಗೆ ಇನ್ನೆರಡು ಭಾಗಗಳೂ ಮೇಲೇಳುತ್ತವೆ. ಒಂದು, ದೋಣಿಯನ್ನು ತಳ್ಳುವ ಪ್ರೊಪೆಲ್ಲರ್, ಚಿಕ್ಕದಾಗಿ ಪ್ರಾಪ್. ಅದು ನೀರಿನ ಮೇಲ್ಮೈಗೆ ಹತ್ತಿರವಾದಷ್ಟೂ ಗಾಳಿ ಎಳೆದುಕೊಂಡು ಹಿಡಿತ ಕಳೆದುಕೊಳ್ಳುತ್ತದೆ. ಇನ್ನೊಂದು, ಎಂಜಿನ್ನನ್ನು ತಂಪಾಗಿಡಲು ನೀರು ಹೀರುವ ರಂಧ್ರಗಳು. ಅವು ಗಾಳಿ ಕಂಡರೆ ಎಂಜಿನ್ ಬಿಸಿಯೇರುತ್ತದೆ. ಹಾಗಾಗಿ ಅತಿ ಎತ್ತರದ ಜಾಗ ಅತಿ ವೇಗದ ಜಾಗವಲ್ಲ. ಪ್ರಾಪ್ ಹಿಡಿತ ಸಡಿಲಿಸುವ ಅಥವಾ ನೀರಿನ ಒತ್ತಡ ಕುಸಿಯುವ ಬಿಂದು, ಇವೆರಡರಲ್ಲಿ ಯಾವುದು ಮೊದಲು ಬರುತ್ತದೋ ಅದಕ್ಕಿಂತ ಒಂದು ಹೆಜ್ಜೆ ಕೆಳಗೆ ನಿಮ್ಮ ಎತ್ತರವಿದೆ. ಅದು ದೋಣಿಯಿಂದ ದೋಣಿಗೆ, ಪ್ರಾಪ್‌ನಿಂದ ಪ್ರಾಪ್‌ಗೆ ಬೇರೆ. ಹಾಗಾಗಿ ಇನ್ನೊಬ್ಬರ ಅಂಕಿಯನ್ನು ಎರವಲು ತಂದರೆ ಸಾಲದು, ನಿಮ್ಮ ದೋಣಿಯಲ್ಲೇ ಅಳೆದು ಹುಡುಕಬೇಕು.

ಮೊದಲು ಈಗ ಎಲ್ಲಿದೆ ಎಂದು ಅಳೆಯಿರಿ

ಪ್ರಾಪ್‌ನ ಮೇಲ್ಗಡೆ ಅಡ್ಡಲಾಗಿರುವ ತಟ್ಟೆಯನ್ನು ಬಹಳ ಜನ ಕ್ಯಾವಿಟೇಶನ್ ಪ್ಲೇಟ್ ಎನ್ನುತ್ತಾರೆ. ಅದರ ಸರಿಯಾದ ಕೆಲಸ ಮೇಲಿನಿಂದ ಗಾಳಿ ಇಳಿಯದಂತೆ ತಡೆಯುವುದು. ಸಾಮಾನ್ಯ ವಿಹಾರ ದೋಣಿಗಳಲ್ಲಿ ಈ ತಟ್ಟೆಯನ್ನು ತಳದ ಮಟ್ಟಕ್ಕೆ ಹೊಂದಿಸಿದರೆ ಕೆಲಸ ನಡೆಯುತ್ತದೆ. ಬಾಸ್ ಬೋಟಿಗೆ ಈ ಅಳತೆ ಪ್ರಯೋಜನಕ್ಕೆ ಬಾರದು. ತಟ್ಟೆಯಿಂದ ಪ್ರಾಪ್ ಶಾಫ್ಟಿಗೆ, ಅಂದರೆ ಪ್ರಾಪ್ ಕೂತಿರುವ ದಂಡಕ್ಕೆ, ಇರುವ ದೂರ ಎಲ್ಲ ಗೇರ್‌ಕೇಸುಗಳಲ್ಲೂ ಒಂದೇ ಅಲ್ಲ. ಆದ್ದರಿಂದ ಅಳೆಯಬೇಕಾದದ್ದು ಪ್ಯಾಡಿನ ತಳಕ್ಕಿಂತ ಪ್ರಾಪ್ ಶಾಫ್ಟಿನ ನಡುಬಿಂದು ಎಷ್ಟು ಕೆಳಗಿದೆ ಎಂಬುದನ್ನು. ಇದನ್ನು ‘ಪ್ರಾಪ್ ಟು ಪ್ಯಾಡ್’ ಎಂದು ಕರೆಯುವುದು ರೂಢಿ.

ದೋಣಿಯನ್ನು ಟ್ರೇಲರ್ ಮೇಲೇ ಇಟ್ಟು ಸಮತಟ್ಟಾದ ಕಾಂಕ್ರೀಟ್ ನೆಲದ ಮೇಲೆ ನಿಲ್ಲಿಸಿ, ಚಕ್ರಗಳಿಗೆ ಅಡ್ಡಗಟ್ಟೆ ಕೊಡಿ. ಇಗ್ನಿಶನ್ ಕೀಲಿ ತೆಗೆದು, ಎಂಜಿನ್ನನ್ನು ತಟ್ಟನೆ ನಿಲ್ಲಿಸುವ ಕಿಲ್ ಸ್ವಿಚ್‌ನ ಕ್ಲಿಪ್ ಕಳಚಿಡಿ. ಪ್ಯಾಡಿನ ಹಿಂತುದಿಯಿಂದ ನೆಲಕ್ಕೆ ಎಷ್ಟಿದೆ ಎಂದು ಅಳೆಯಿರಿ. ಅದೇ ಪ್ಯಾಡಿನಲ್ಲಿ ಮೂರು ಅಡಿ ಮುಂದೆ ಮತ್ತೊಮ್ಮೆ ಅಳೆಯಿರಿ. ಎರಡೂ ಒಂದೇ ಆಗುವವರೆಗೆ ಟ್ರೇಲರಿನ ಮೂತಿಯ ಜ್ಯಾಕ್ ತಿರುಗಿಸಿ. ಈಗ ಪ್ಯಾಡ್ ನೆಲಕ್ಕೆ ಸಮಾನಾಂತರ. ಇನ್ನು ಮೋಟಾರನ್ನು ಟ್ರಿಮ್ ಮಾಡುತ್ತಾ, ಅಂದರೆ ಒಳಗೆ ಹೊರಗೆ ವಾಲಿಸುತ್ತಾ, ಗಾಳಿ ತಡೆಯುವ ತಟ್ಟೆಯ ಮುಂತುದಿ ಹಾಗೂ ಹಿಂತುದಿ ನೆಲದಿಂದ ಒಂದೇ ಎತ್ತರಕ್ಕೆ ಬರುವಂತೆ ನಿಲ್ಲಿಸಿ. ಆಗ ಶಾಫ್ಟ್ ಕೂಡ ಸಮಾನಾಂತರವಾಗುತ್ತದೆ. ಕೊನೆಗೆ ಶಾಫ್ಟಿನ ನಡುಬಿಂದುವಿನಿಂದ ನೆಲಕ್ಕಿರುವ ದೂರ ಅಳೆದು, ಅದನ್ನು ಪ್ಯಾಡಿನ ಎತ್ತರದಿಂದ ಕಳೆಯಿರಿ. ಪ್ಯಾಡ್ ನೆಲದಿಂದ 22 ಇಂಚು, ಶಾಫ್ಟ್ 18.5 ಇಂಚು ಇದ್ದರೆ ನಿಮ್ಮ ಅಳತೆ 3.5 ಇಂಚು.

ಇಲ್ಲಿ ಎಲ್ಲರೂ ಮಾಡುವ ತಪ್ಪು ಒಂದೇ: ಟ್ರಿಮ್ ಸರಿಮಾಡದೆ ಅಳೆಯುವುದು. ಮೋಟಾರ್ ಸ್ವಲ್ಪ ಹೊರಗೆ ವಾಲಿದ್ದರೂ ಶಾಫ್ಟ್ ಹಿಂದಕ್ಕೂ ಮೇಲಕ್ಕೂ ಹೋಗಿರುತ್ತದೆ, ಅಳತೆಯಲ್ಲಿ ಅರ್ಧ ಇಂಚಿನಷ್ಟು ಸುಳ್ಳು ಸೇರಿಬಿಡುತ್ತದೆ. ನಾವು ಮುಂದೆ ಕಾಲು ಕಾಲು ಇಂಚಿನ ಲೆಕ್ಕದಲ್ಲಿ ಕೆಲಸ ಮಾಡಲಿದ್ದೇವೆ. ಬುನಾದಿಯ ಅಳತೆಯೇ ಅರ್ಧ ಇಂಚು ತಪ್ಪಿದ್ದರೆ ಮುಂದಿನ ಶ್ರಮವೆಲ್ಲ ವ್ಯರ್ಥ.

ಮೋಟಾರ್ ಏರಿದಷ್ಟೂ ಈ ಅಂಕಿ ಇಳಿಯುತ್ತದೆ. ಶುರುಮಾಡಲು 3.5 ಇಂಚು ಒಳ್ಳೆಯ ಸುರಕ್ಷಿತ ಜಾಗ. ಬಹಳಷ್ಟು ಬಾಸ್ ಬೋಟುಗಳು 3.5ರಿಂದ 2.5 ಇಂಚಿನ ನಡುವೆ ಎಲ್ಲೋ ಒಂದು ಕಡೆ ತಮ್ಮ ಉತ್ತಮ ವೇಗ ಕಾಣುತ್ತವೆ. ಅದಕ್ಕೂ ಮೇಲೆ ಹೋಗುವುದು ಸಾಮಾನ್ಯವಾಗಿ ನೀರು ಹೀರುವ ರಂಧ್ರಗಳು ಗುಂಡಿನ ಮೂತಿಯ ಕೆಳಭಾಗದಲ್ಲಿರುವ ಗೇರ್‌ಕೇಸುಗಳಿಗೆ ಮಾತ್ರ ಸಲ್ಲುವ ಆಟ.

ಎತ್ತುವುದು ಹೇಗೆ

ಮೋಟಾರನ್ನು ಟ್ರಾನ್ಸಮ್‌ಗೆ, ಅಂದರೆ ದೋಣಿಯ ಹಿಂಬದಿ ಗೋಡೆಗೆ, ನೇರವಾಗಿ ಕೂರಿಸಿದ್ದರೆ ಬ್ರಾಕೆಟ್ಟಿನಲ್ಲಿ ಮುಕ್ಕಾಲು ಇಂಚಿಗೊಂದರಂತೆ ರಂಧ್ರಗಳಿರುತ್ತವೆ. ಒಂದು ರಂಧ್ರ ಬದಲಿಸಿದರೆ ಮುಕ್ಕಾಲು ಇಂಚು ಏರಿಳಿಯುತ್ತದೆ. ಸೂಕ್ಷ್ಮ ಹೊಂದಾಣಿಕೆಗೆ ಇದು ತೀರ ದೊಡ್ಡ ಹೆಜ್ಜೆ. ಮೇಲಾಗಿ 250 ಅಶ್ವಶಕ್ತಿಯ ಮೋಟಾರ್ ಸುಮಾರು 230 ಕಿಲೋ ತೂಗುತ್ತದೆ. ಬೋಲ್ಟ್ ಪೂರ್ತಿ ತೆಗೆಯುವ ಮುನ್ನ ಎಂಜಿನ್ನಿನ ಎತ್ತುವ ಕೊಂಡಿಗೆ ಹಾಯ್ಸ್ಟ್ ಹಾಕಿ ತೂಕವನ್ನು ಅದಕ್ಕೆ ಕೊಡಲೇಬೇಕು.

ವೇಗಕ್ಕಾಗಿ ಎತ್ತರ ಹೊಂದಿಸುವವರಿಗೆ ಜ್ಯಾಕ್ ಪ್ಲೇಟ್ ಬೇಕೇ ಬೇಕು. ಟ್ರಾನ್ಸಮ್‌ಗೂ ಮೋಟಾರಿಗೂ ನಡುವೆ ಕೂರುವ ಈ ಲೋಹದ ಚೌಕಟ್ಟು ಎರಡು ಕೆಲಸ ಮಾಡುತ್ತದೆ. ಮೋಟಾರನ್ನು ಮೇಲೆ ಕೆಳಗೆ ಸರಿಸುತ್ತದೆ, ಜತೆಗೆ 6ರಿಂದ 12 ಇಂಚು ಹಿಂದಕ್ಕೆ ಒಯ್ಯುತ್ತದೆ. ಹಿಂದಕ್ಕೆ ಹೋಗುವುದರಿಂದ ಲಾಭವಿದೆ. ದೋಣಿಯ ತಳ ಒತ್ತಿಕೊಂಡು ಹೋದ ನೀರು ಟ್ರಾನ್ಸಮ್ ದಾಟಿದ ಮೇಲೆ ಮತ್ತೆ ಏರತೊಡಗುತ್ತದೆ. ಪ್ರಾಪ್ ಆ ಏರಿದ ನೀರಿನಲ್ಲಿ ಕೆಲಸ ಮಾಡುವುದರಿಂದ ಮೋಟಾರನ್ನು ಇನ್ನಷ್ಟು ಎತ್ತಬಹುದು. ಪ್ರತಿ 8ರಿಂದ 12 ಇಂಚು ಹಿಂದಕ್ಕೆ ಸರಿದಾಗ ಒಂದು ಇಂಚು ಎತ್ತಬಹುದು ಎಂಬುದು ಬಳಕೆಯಲ್ಲಿರುವ ಅಂದಾಜು. ಪ್ರತಿಯಾಗಿ ತೂಕ ಹಿಂದಕ್ಕೆ ಹೋಗಿರುತ್ತದೆ. ದೋಣಿಯ ಮೂತಿ ಸುಲಭವಾಗಿ ಏಳುತ್ತದೆ, ಆದರೆ ನಿಂತಲ್ಲಿಂದ ಎದ್ದು ಜಾರತೊಡಗಲು ಹೆಚ್ಚು ಸಮಯ ಬೇಕಾಗಬಹುದು.

ಕೈಯಿಂದ ಹೊಂದಿಸುವ ಪ್ಲೇಟಿನಲ್ಲಿ ಪಕ್ಕದ ಬೋಲ್ಟುಗಳನ್ನು ಜಾರುವಷ್ಟು ಮಾತ್ರ ಸಡಿಲಿಸಿ, ನಡುವಿನ ಎತ್ತುವ ಬೋಲ್ಟ್ ತಿರುಗಿಸಬೇಕು. ಆಮೇಲೆ ಪಕ್ಕದವನ್ನು ತಯಾರಕರು ಹೇಳಿದ ಟಾರ್ಕಿಗೆ, ಅಂದರೆ ತಿರುಚುವ ಬಲಕ್ಕೆ, ಬಿಗಿಮಾಡಬೇಕು. ಹೈಡ್ರಾಲಿಕ್ ಪ್ಲೇಟಿನಲ್ಲಿ ಓಡುತ್ತಿರುವಾಗಲೇ ಗುಂಡಿ ಒತ್ತಿ ಏರಿಸಿ ಇಳಿಸಬಹುದು. ಅದರ ಬೆಲೆ ಹೆಚ್ಚಾದರೂ ಕೊಟ್ಟದ್ದಕ್ಕೆ ಮೋಸವಿಲ್ಲ: ಹೊರಡುವಾಗ ಕೆಳಗೆ, ನೇರ ಓಟದಲ್ಲಿ ಮೇಲೆ, ತಿರುವು ಮತ್ತು ಅಲೆಯಲ್ಲಿ ಮತ್ತೆ ಕೆಳಗೆ. ಒಂದೇ ಎತ್ತರದಲ್ಲಿ ಎಲ್ಲವನ್ನೂ ನಿಭಾಯಿಸುವ ರಾಜಿ ಅಲ್ಲಿಲ್ಲ.

ಯಾವುದೇ ಪ್ಲೇಟ್ ಆಗಲಿ, ಅದರ ಪೂರ್ತಿ ಏರಿಕೆಯಲ್ಲೂ ಪೂರ್ತಿ ಇಳಿಕೆಯಲ್ಲೂ ಚುಕ್ಕಾಣಿಯ ಹೋಸ್, ಇಂಧನದ ಕೊಳವೆ, ವೈರುಗಳು ಎಳೆದಂತಾಗುತ್ತವೆಯೋ, ಎಲ್ಲಾದರೂ ಸಿಕ್ಕಿಬೀಳುತ್ತವೆಯೋ ನೋಡಿ. ಮೋಟಾರನ್ನು ಪೂರ್ತಿ ಟಿಲ್ಟ್ ಮಾಡಿ ಮುಚ್ಚಳ ದೋಣಿಗೆ ತಾಗುವುದಿಲ್ಲವೆಂದು ಖಚಿತಪಡಿಸಿಕೊಳ್ಳಿ. ಚುಕ್ಕಾಣಿಯನ್ನು ಎರಡೂ ಕೊನೆಗೆ ತಿರುಗಿಸಿಯೂ ಇದೇ ಪರೀಕ್ಷೆ ಮಾಡಬೇಕು.

ನೀರಿನ ಒತ್ತಡದ ಮಾಪಕ ಇಲ್ಲದೆ ಒಂದು ಎಳೆಯೂ ಎತ್ತಬೇಡಿ

ಇದನ್ನು ಒತ್ತಿ ಹೇಳಲು ಕಾರಣವಿದೆ. ತಾಪದ ಎಚ್ಚರಿಕೆ ಗಂಟೆಯನ್ನು ನಂಬಿಕೊಂಡು ಮೋಟಾರ್ ಎತ್ತುವವರು ಎಂಜಿನ್ ಸುಟ್ಟುಕೊಂಡ ಮೇಲೆ ಪಾಠ ಕಲಿಯುತ್ತಾರೆ. ರಂಧ್ರಗಳು ಗಾಳಿ ಹೀರತೊಡಗಿದಾಗ ಮೊದಲು ಬೀಳುವುದು ಒತ್ತಡ. ತಾಪ ಏರುವುದು ಆಮೇಲೆ. ಅಷ್ಟರಲ್ಲಿ ಪೂರ್ತಿ ಥ್ರಾಟಲ್‌ನಲ್ಲಿದ್ದ ಎಂಜಿನ್ನಿನೊಳಗೆ ಹಾನಿ ಶುರುವಾಗಿರಬಹುದು. ನೀರು ಪಂಪ್ ಮಾಡುವ ಇಂಪೆಲ್ಲರ್ ರಬ್ಬರಿನದು. ನೀರೇ ಅದರ ಜಾರುಕ. ಗಾಳಿಯಲ್ಲಿ ತಿರುಗಿದರೆ ಅದರ ರೆಕ್ಕೆಗಳೂ ಕಾದು ಹರಿಯುತ್ತವೆ.

ಮೋಟಾರ್ ಎತ್ತುವ ಮೊದಲೇ, ಈಗಿರುವ ಎತ್ತರದಲ್ಲಿ ಪೂರ್ತಿ ಥ್ರಾಟಲ್ ಕೊಟ್ಟು ಒತ್ತಡ ಎಷ್ಟಿದೆ ಎಂದು ಬರೆದಿಟ್ಟುಕೊಳ್ಳಿ. ಆ ಅಂಕಿಯೇ ಕಡಿಮೆಯಿದ್ದರೆ ತಪ್ಪು ಎತ್ತರದ್ದಲ್ಲ. ಇಂಪೆಲ್ಲರ್ ಸವೆದಿರಬಹುದು, ರಂಧ್ರಕ್ಕೆ ಜೊಂಡು ಅಥವಾ ಮರಳು ಕಟ್ಟಿರಬಹುದು. ಮೊದಲು ಅದನ್ನು ಸರಿಪಡಿಸಿ. ಪೂರ್ತಿ ಥ್ರಾಟಲ್‌ನಲ್ಲಿ ಎಷ್ಟು ಒತ್ತಡ ಬೇಕು ಎಂಬುದು ಎಂಜಿನ್ ಮಾದರಿಗೆ ತಕ್ಕಂತೆ ಬದಲಾಗುತ್ತದೆ. ಕೈಪಿಡಿಯಲ್ಲಿ ಕೊಟ್ಟಿರುವ ಕನಿಷ್ಠ ಅಂಕಿಯೇ ಕೊನೆಯ ಮಾತು. ದೊಡ್ಡ ಎಂಜಿನ್ನುಗಳಲ್ಲಿ ಪೂರ್ತಿ ವೇಗದಲ್ಲಿ 10 ಪಿಎಸ್‌ಐಗಿಂತ (ಚದರ ಇಂಚಿಗೆ ಪೌಂಡ್) ಕೆಳಗಿಳಿಯಲು ಬಿಡದಿರುವುದು ಬಾಸ್ ಬೋಟ್ ನಡೆಸುವವರ ರೂಢಿ. ಆದರೆ ಕೈಪಿಡಿ ಅದಕ್ಕಿಂತ ಹೆಚ್ಚು ಕೇಳಿದರೆ ಅದನ್ನೇ ಪಾಲಿಸಬೇಕು. ಅಂಕಿಯಷ್ಟೇ ಮುಖ್ಯ ಮುಳ್ಳಿನ ನಡವಳಿಕೆ. ನೇರ ಓಟದಲ್ಲಿ ಮುಳ್ಳು ಸ್ಥಿರವಾಗಿ ನಿಲ್ಲದೆ ಕುಣಿಯತೊಡಗಿದರೆ ರಂಧ್ರಗಳು ಬಿಟ್ಟು ಬಿಟ್ಟು ಗಾಳಿ ಕುಡಿಯುತ್ತಿವೆ ಎಂದರ್ಥ, ಅಂಕಿ ಇನ್ನೂ ಮಿತಿಯೊಳಗಿದ್ದರೂ ಸರಿ. ಕಾಲು ಇಂಚು ಇಳಿಸಿ.

ನಿಧಾನವಾಗಿ ಹೋಗುವಾಗಲೂ ಒಂದು ಅಪಾಯವಿದೆ. ಆಳವಿಲ್ಲದ ನೀರೆಂದು ಪ್ಲೇಟನ್ನು ಪೂರ್ತಿ ಎತ್ತಿ, ಟ್ರಿಮ್ ಕೂಡ ಹೊರಗೆ ಕೊಟ್ಟು ನಿಧಾನಗತಿಯಲ್ಲಿ ಸಾಗುವಾಗ ರಂಧ್ರಗಳು ನೀರಿನಿಂದ ಮೇಲೆ ಬಂದಿರಬಹುದು. ಆ ವೇಗದಲ್ಲಿ ಒತ್ತಡ ಸಹಜವಾಗಿಯೇ ಕಡಿಮೆ, ಆದ್ದರಿಂದ ಮಾಪಕ ನೋಡಿ ಗೊತ್ತಾಗುವುದಿಲ್ಲ. ರಂಧ್ರಗಳು ಎಲ್ಲಿವೆ ಎಂಬುದನ್ನು ದೋಣಿ ನಿಂತಿರುವಾಗಲೇ ಕಣ್ಣಾರೆ ನೋಡಿಟ್ಟುಕೊಳ್ಳಿ.

ಕಾಲು ಇಂಚಿಗೊಂದು ಓಟ

ಪರೀಕ್ಷೆಯಲ್ಲಿ ಬದಲಾಗಬೇಕಾದದ್ದು ಎತ್ತರ ಒಂದೇ. ಇಂಧನ ಅರ್ಧ ಟ್ಯಾಂಕ್ ಎಂದರೆ ಪ್ರತಿಸಲವೂ ಅರ್ಧ ಟ್ಯಾಂಕ್ ಹತ್ತಿರವೇ ಇರಲಿ. ಮೀನು ಇಡುವ ಲೈವ್‌ವೆಲ್ ಖಾಲಿ ಇರಲಿ, ಅದೇ ಜನ, ಅದೇ ಸಾಮಾನು, ಅದೇ ಜಾಗದಲ್ಲಿ. ಕನ್ನಡಿಯಂತೆ ನಿಂತ ನೀರಿಗಿಂತ ಸಣ್ಣ ತೆರೆಯಿರುವ ನೀರು ಉತ್ತಮ. ನಿಂತ ನೀರು ತಳಕ್ಕೆ ಅಂಟಿದಂತಾಗಿ ವೇಗ ತಗ್ಗುತ್ತದೆ. ವೇಗವನ್ನು ಜಿಪಿಎಸ್‌ನಲ್ಲೇ ಓದಿ. ಗಾಳಿಗೆ ಎದುರಾಗಿ ಒಮ್ಮೆ, ಗಾಳಿಯ ಜತೆ ಒಮ್ಮೆ ಓಡಿಸಿ ಸರಾಸರಿ ತೆಗೆಯಿರಿ.

ಒಂದೊಂದು ಎತ್ತರದಲ್ಲೂ ಟ್ರಿಮ್ ಅನ್ನು ಹೊಸದಾಗಿ ಹುಡುಕಬೇಕು. ಹಳೆಯ ಟ್ರಿಮ್‌ನಲ್ಲೇ ಬಿಟ್ಟು ‘ಎತ್ತಿದ್ದರಿಂದ ಏನೂ ಸಿಗಲಿಲ್ಲ’ ಎನ್ನುವವರು ಬಹಳ. ಮೋಟಾರ್ ಮೇಲೇರಿದಾಗ ಪ್ರಾಪ್ ಮೂತಿಯನ್ನು ಎತ್ತುವ ಬಗೆ ಬದಲಾಗುತ್ತದೆ, ಹಿಂದಿನ ಟ್ರಿಮ್ ಈಗ ಸರಿಹೊಂದುವುದಿಲ್ಲ. ದೋಣಿ ಜಾರತೊಡಗಿ ಪೂರ್ತಿ ಥ್ರಾಟಲ್‌ಗೆ ಬಂದ ಮೇಲೆ, ವೇಗ ಏರುವುದು ನಿಲ್ಲುವವರೆಗೆ ಟ್ರಿಮ್ಮನ್ನು ಸಣ್ಣ ಸಣ್ಣ ಒತ್ತಿನಲ್ಲಿ ಹೊರಗೆ ಕೊಡಿ. ಆ ಎತ್ತರಕ್ಕೆ ಅದೇ ಕೊನೆಯ ವೇಗ. ದೋಣಿ ನಿಲ್ಲಿಸಿ ಎತ್ತರ, ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತುಗಳು), ವೇಗ, ನೀರಿನ ಒತ್ತಡ ನಾಲ್ಕನ್ನೂ ಬರೆದುಕೊಂಡು ಕಾಲು ಇಂಚು ಏರಿಸಿ.

ಈ ಅಂಕಿಗಳಿಂದ ಸ್ಲಿಪ್ ಲೆಕ್ಕ ಹಾಕಿದರೆ ಕಣ್ಣಿಗೆ ಕಾಣದ್ದು ಕಾಣುತ್ತದೆ. ಪ್ರಾಪ್‌ನ ಪಿಚ್ ಎಂದರೆ ಗಟ್ಟಿ ವಸ್ತುವಿನಲ್ಲಿ ಸ್ಕ್ರೂ ಕೊರೆದಂತೆ ಒಂದು ಸುತ್ತಿಗೆ ಅದು ಮುಂದೆ ಹೋಗಬೇಕಾದ ಇಂಚುಗಳು. ನೀರು ಗಟ್ಟಿಯಲ್ಲವಾದ್ದರಿಂದ ಸ್ವಲ್ಪ ಜಾರುತ್ತದೆ. ಆ ಜಾರುವಿಕೆಯೇ ಸ್ಲಿಪ್. ಆರ್‌ಪಿಎಂ ಅನ್ನು ಪಿಚ್‌ನಿಂದ ಗುಣಿಸಿ, ಗೇರ್ ಅನುಪಾತದಿಂದ (ಪ್ರಾಪ್‌ನ ಒಂದು ಸುತ್ತಿಗೆ ಎಂಜಿನ್ ತಿರುಗುವ ಸುತ್ತುಗಳು) ಭಾಗಿಸಿ, ಮತ್ತೆ 1056ರಿಂದ ಭಾಗಿಸಿದರೆ ಜಾರದೇ ಹೋದಿದ್ದರೆ ಬರಬೇಕಾದ ವೇಗ ಗಂಟೆಗೆ ಮೈಲಿಯಲ್ಲಿ ಸಿಗುತ್ತದೆ.

25 ಪಿಚ್‌ನ ಪ್ರಾಪ್, 1.75 ಗೇರ್ ಅನುಪಾತದ ದೋಣಿಯೊಂದನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. 3.5 ಇಂಚಿನಲ್ಲಿ 5700 ಆರ್‌ಪಿಎಂ, 69 ಮೈಲಿ ಬಂತು. ಬರಬೇಕಾದದ್ದು 77.1, ಸ್ಲಿಪ್ 10.5 ಶೇಕಡ. 3 ಇಂಚಿಗೆ ಏರಿಸಿದಾಗ 5800 ಆರ್‌ಪಿಎಂ, 70.6 ಮೈಲಿ. ಸ್ಲಿಪ್ 10 ಶೇಕಡಕ್ಕೆ ಇಳಿಯಿತು. ಎಂಜಿನ್ ಹಗುರವಾಗಿ ತಿರುಗುತ್ತಿದೆ, ಹಿಡಿತವೂ ಉಳಿದಿದೆ. ಇದು ನಿಜವಾದ ಲಾಭ. 2.75ಕ್ಕೆ ಏರಿಸಿದಾಗ 5900 ಆರ್‌ಪಿಎಂ, ವೇಗ ಮಾತ್ರ ಅದೇ 70.6. ಸ್ಲಿಪ್ 11.5 ಶೇಕಡ. ಹೆಚ್ಚಿದ ನೂರು ಸುತ್ತುಗಳೂ ನೀರನ್ನು ಕಲಕುವುದರಲ್ಲೇ ಕಳೆದುಹೋದವು. ಈ ದೋಣಿಗೆ ಈ ಪ್ರಾಪ್‌ನಲ್ಲಿ 3 ಇಂಚೇ ಸರಿ. ಆರ್‌ಪಿಎಂ ಏರಿತೆಂದು ಹಿಗ್ಗುವವರು ಮೂರನೆಯ ಓಟವನ್ನು ಗೆಲುವೆಂದು ತಿಳಿಯುತ್ತಾರೆ. ಚೆನ್ನಾಗಿ ಹೊಂದಿಸಿದ ಬಾಸ್ ಬೋಟಿನಲ್ಲಿ ಸ್ಲಿಪ್ ಸಾಮಾನ್ಯವಾಗಿ 8ರಿಂದ 12 ಶೇಕಡದೊಳಗೆ ಇರುತ್ತದೆ. ಲೆಕ್ಕದಲ್ಲಿ ಎರಡೋ ಮೂರೋ ಶೇಕಡ ಬಂದರೆ ಸಂತೋಷಪಡುವ ಮೊದಲು ಗೇರ್ ಅನುಪಾತವನ್ನೂ ಪ್ರಾಪ್ ಮೇಲೆ ಕೊರೆದಿರುವ ಪಿಚ್ ಅನ್ನೂ ಮತ್ತೊಮ್ಮೆ ಓದಿಕೊಳ್ಳಿ.

ಎತ್ತರ ಮೀರಿದೆ ಎಂಬುದಕ್ಕೆ ಅಂಕಿಗಳಲ್ಲದೆ ಬೇರೆ ಸುಳಿವುಗಳೂ ಇವೆ. ತಿರುವಿನಲ್ಲಿ ಎಂಜಿನ್ ಒಮ್ಮೆಲೇ ಕಿರುಚಿ ದೋಣಿ ಮುಂದೆ ಹೋಗದಿದ್ದರೆ ಪ್ರಾಪ್ ಗಾಳಿ ಎಳೆದುಕೊಂಡಿದೆ. ಎದ್ದು ನಿಂತಿದ್ದ ಮೂತಿ ಎತ್ತರ ಹೆಚ್ಚಿಸಿದ ಮೇಲೆ ಕೆಳಗೆ ಕುಸಿದು, ಟ್ರಿಮ್ ಕೊಟ್ಟರೂ ಏಳದಿದ್ದರೆ ಪ್ರಾಪ್‌ಗೆ ಮೂತಿ ಎತ್ತುವಷ್ಟು ಹಿಡಿತ ಉಳಿದಿಲ್ಲ. ನಿಂತಲ್ಲಿಂದ ಹೊರಡುವಾಗ ಆರ್‌ಪಿಎಂ ಹಾರಿ ದೋಣಿ ಒದ್ದಾಡುವುದೂ ಇದೇ ಕಾಯಿಲೆ. ಗಾಳಿ ಎಳೆದುಕೊಳ್ಳುವ ವೆಂಟಿಲೇಶನ್ನಿಗೂ ಕ್ಯಾವಿಟೇಶನ್ನಿಗೂ ವ್ಯತ್ಯಾಸವಿದೆ. ಎರಡನೆಯದರಲ್ಲಿ ಹೊರಗಿನ ಗಾಳಿ ಇಲ್ಲ. ಬ್ಲೇಡಿನ ಮೇಲೆ ಒತ್ತಡ ತೀರ ಇಳಿದು ನೀರೇ ಆವಿಗುಳ್ಳೆಯಾಗುತ್ತದೆ, ಆ ಗುಳ್ಳೆಗಳು ಒಡೆದಲ್ಲಿ ಲೋಹ ತೂತುತೂತಾಗಿ ಸವೆಯುತ್ತದೆ. ಬ್ಲೇಡಿನಲ್ಲಿ ಅಂಥ ಕಲೆ ಕಂಡರೆ ಎತ್ತರ ತಗ್ಗಿಸಿದರೆ ಹೋಗುವುದಿಲ್ಲ. ಬ್ಲೇಡಿನ ಅಂಚು ಬಾಗಿರಬಹುದು, ಇಲ್ಲವೇ ಆ ಕೆಲಸಕ್ಕೆ ಆ ಪ್ರಾಪ್ ಹೊಂದುವುದಿಲ್ಲ.

ಪ್ರಾಪ್ ಬದಲಾದರೆ ಲೆಕ್ಕವೆಲ್ಲ ಹೊಸದು

ಎತ್ತರ ಏರಿಸಿದಾಗ ಆರ್‌ಪಿಎಂ ಏರುತ್ತದೆ. ಕೈಪಿಡಿಯಲ್ಲಿರುವ ಮೇಲಿನ ಮಿತಿಗೆ ತಾಗಿದರೆ ಹೆಚ್ಚು ಪಿಚ್‌ನ ಪ್ರಾಪ್ ಹಾಕುವ ಅವಕಾಶ ಬಂದಿದೆ ಎಂದರ್ಥ. ಒಂದು ಇಂಚು ಪಿಚ್ ಹೆಚ್ಚಾದರೆ 150ರಿಂದ 200 ಆರ್‌ಪಿಎಂ ಇಳಿಯುತ್ತದೆ. ಎತ್ತರದಲ್ಲಿ ಓಡಲು ಸ್ಟೀಲ್ ಪ್ರಾಪ್ ಬೇಕು. ಅಲ್ಯೂಮಿನಿಯಂ ಬ್ಲೇಡು ಹೊರೆಗೆ ಬಾಗುತ್ತದೆ. ಬ್ಲೇಡಿನ ಹಿಂಅಂಚಿನಲ್ಲಿ ಕಪ್ ಎಂಬ ಸಣ್ಣ ಮಡಿಕೆ ಇದ್ದರೆ ಗಾಳಿ ಬೆರೆತ ನೀರಿನಲ್ಲೂ ಹಿಡಿತ ಉಳಿಯುತ್ತದೆ. ನಾಲ್ಕು ಬ್ಲೇಡಿನ ಪ್ರಾಪ್ ಎತ್ತರದಲ್ಲೂ ತಿರುವಿನಲ್ಲೂ ಹೆಚ್ಚು ನಂಬಿಕಸ್ಥ. ಮೂರು ಬ್ಲೇಡಿನದು ಕೊನೆಯ ಒಂದೆರಡು ಮೈಲಿ ಕೊಡಬಹುದು. ಪ್ರಾಪ್ ಬದಲಿಸಿದ ಮೇಲೆ ಎತ್ತರದ ಪರೀಕ್ಷೆಯನ್ನು 3.5 ಇಂಚಿನಿಂದ ಮತ್ತೆ ಮಾಡಬೇಕು.

ದೋಣಿ ಓಲಾಡತೊಡಗಿದರೆ

ಎತ್ತರವೂ ಟ್ರಿಮ್ಮೂ ಸರಿಬಿದ್ದು ದೋಣಿ ಬರೀ ಪ್ಯಾಡಿನ ಮೇಲೆ ನಿಂತಾಗ ಹೊಸದೊಂದು ಸಮಸ್ಯೆ ಎದುರಾಗುತ್ತದೆ. ಗೇಣಗಲದ ಆಧಾರದ ಮೇಲೆ ಇಡೀ ದೋಣಿ ಎಡಕ್ಕೆ ಬಲಕ್ಕೆ ಓಲತೊಡಗುತ್ತದೆ, ಪ್ರತಿ ಓಲಾಟವೂ ಹಿಂದಿನದಕ್ಕಿಂತ ದೊಡ್ಡದಾಗುತ್ತದೆ. ಇದನ್ನು ಚೈನ್ ವಾಕ್ ಎನ್ನುತ್ತಾರೆ. ಮೋಟಾರ್ ಎತ್ತರದಲ್ಲಿದ್ದಷ್ಟೂ ಮೇಲಿನ ಬ್ಲೇಡು ಗಾಳಿ ಬೆರೆತ ನೀರಿನಲ್ಲೂ ಕೆಳಗಿನ ಬ್ಲೇಡು ಗಟ್ಟಿ ನೀರಿನಲ್ಲೂ ಇರುತ್ತದೆ. ಕೆಳಗಿನದು ಚಕ್ರದಂತೆ ದೋಣಿಯ ಹಿಂಭಾಗವನ್ನು ಪಕ್ಕಕ್ಕೆ ತಳ್ಳುತ್ತದೆ. ಚುಕ್ಕಾಣಿಯಲ್ಲಿ ಒಂದಿಷ್ಟು ಸಡಿಲವಿದ್ದರೂ ಈ ತಳ್ಳಾಟ ಓಲಾಟಕ್ಕೆ ಇಂಬು ಕೊಡುತ್ತದೆ. ಆದ್ದರಿಂದ ಈ ಕೆಲಸಕ್ಕೆ ಕೈಹಾಕುವ ಮೊದಲೇ ಹೈಡ್ರಾಲಿಕ್ ಚುಕ್ಕಾಣಿ ಇರಬೇಕು, ಅದರಲ್ಲಿ ಗಾಳಿಗುಳ್ಳೆ ಇರಬಾರದು, ಜ್ಯಾಕ್ ಪ್ಲೇಟ್ ಅಲುಗಬಾರದು. ಎಂಜಿನ್ ನಿಲ್ಲಿಸಿದ್ದಾಗ ಸ್ಕೆಗ್ ಹಿಡಿದು ಪಕ್ಕಕ್ಕೆ ಜಗ್ಗಿ ನೋಡಿ. ಎಲ್ಲಿ ಸಡಿಲವಿದೆ ಎಂದು ಕೈಗೇ ತಿಳಿಯುತ್ತದೆ.

ಓಲಾಟ ಶುರುವಾದರೆ ಥ್ರಾಟಲ್ಲನ್ನು ಒಮ್ಮೆಲೇ ಬಿಡಬೇಡಿ. ಮೂತಿ ತಟ್ಟನೆ ಬಿದ್ದು ದೋಣಿ ಅಡ್ಡ ತಿರುಗಿಬಿಡಬಹುದು. ಮೆಲ್ಲಗೆ ವೇಗ ಇಳಿಸುತ್ತಾ ಟ್ರಿಮ್ ಒಳಗೆ ಎಳೆದುಕೊಳ್ಳಿ. ಕಿಲ್ ಸ್ವಿಚ್‌ನ ದಾರ ಮೈಗೆ ಕಟ್ಟಿಕೊಂಡಿರಲೇಬೇಕು. ಅಮೆರಿಕದಲ್ಲಿ 26 ಅಡಿಗಿಂತ ಚಿಕ್ಕದಾದ, ಈ ಸ್ವಿಚ್ ಅಳವಡಿಸಿರುವ ಮೋಟಾರ್ ದೋಣಿಗಳಲ್ಲಿ ವೇಗವಾಗಿ ಹೋಗುವಾಗ ಅದನ್ನು ಬಳಸುವುದು 2021ರ ಏಪ್ರಿಲ್ 1ರಿಂದ ಕಾನೂನೂ ಆಗಿದೆ. ಜೀವರಕ್ಷಕ ಕವಚವೂ ಮೈಮೇಲಿರಲಿ.

80 ಮೈಲಿಯ ಆಚೆ ಸಾಮಾನ್ಯ ಗೇರ್‌ಕೇಸಿನ ಮೊಂಡು ಮೂತಿಯೇ ಮಿತಿಯಾಗತೊಡಗುತ್ತದೆ. ಅದರ ಪಕ್ಕಗಳಲ್ಲಿ ಒತ್ತಡ ಇಳಿದು ಗುಳ್ಳೆಗಳು ಪ್ರಾಪ್ ತನಕ ಹರಿದರೆ ಹಿಡಿತ ಒಂದೇ ಕ್ಷಣದಲ್ಲಿ ತಪ್ಪಿಹೋಗುತ್ತದೆ, ಮುನ್ಸೂಚನೆ ಸಿಗುವುದೇ ಕಷ್ಟ. ಅಲ್ಲಿಗೆ ಚೂಪು ಮೂತಿಯ, ಕೆಳಗಿನಿಂದ ನೀರು ಹೀರುವ ಗೇರ್‌ಕೇಸ್ ಬೇಕು. ಎತ್ತರ ಹೊಂದಿಸಿ ಅದನ್ನು ಗೆಲ್ಲಲಾಗದು.

ನಿಮ್ಮ ಎತ್ತರ ಸಿಕ್ಕ ಮೇಲೆ ಪ್ಲೇಟಿನ ಮೇಲೆ ಅಳಿಯದ ಬಣ್ಣದಿಂದ ಗೆರೆ ಎಳೆದಿಡಿ. ಒಂದು ಗಂಟೆ ಓಡಿಸಿ ಬಂದು ಟ್ರಾನ್ಸಮ್, ಪ್ಲೇಟ್, ಮೋಟಾರ್ ಮೂರರ ಬೋಲ್ಟುಗಳ ಟಾರ್ಕನ್ನೂ ಮತ್ತೊಮ್ಮೆ ನೋಡಿ. ಗೆರೆ ಕೂದಲೆಳೆಯಷ್ಟು ಕೆಳಗೆ ಸರಿದಿದ್ದರೂ ಪಕ್ಕದ ಬೋಲ್ಟು ಜಾರುತ್ತಿದೆ ಎಂದರ್ಥ. ಅದನ್ನು ಸರಿಪಡಿಸುವವರೆಗೆ ದೋಣಿಯನ್ನು ಪೂರ್ತಿ ವೇಗಕ್ಕೆ ಒಯ್ಯಬೇಡಿ.